ಕಾಣೆ ಮೀನಿನ ಎಲುಬು

ಹಳೇ ಬಾಗಲಕೋಟೆಯ ಮೀನಿನ ಸಾಲಿನಲ್ಲಿ ಮೊದಲ ಸಲ ನಿಂತಾಗ ಏನೆಂದು ಕೇಳಬೇಕೋ ಪ್ರಿಯದರ್ಶಿನಿಗೆ ತಿಳಿಯಲಿಲ್ಲ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಕಡಲ ಮೀನಿನ ಮರಿಗಳ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದಳು. ಮರಿಯ ತಲೆಯ ಮೇಲೆ ಯಾವ ಮುಳ್ಳು ಯಾವಾಗ ಮೂಡುತ್ತದೆ, ಯಾವಾಗ ಕರಗುತ್ತದೆ ಎಂದು ಪುಸ್ತಕ ನೋಡದೆ ಹೇಳಬಲ್ಲಳು. ಆದರೆ ಮೀನು ಕೊಂಡು ಗೊತ್ತಿರಲಿಲ್ಲ. ತವರು ಇಳಕಲ್ಲಿನ ನೇಕಾರರ ಮನೆ, ಕೊಟ್ಟ ಮನೆ ಬಾದಾಮಿಯದು, ಎರಡೂ ಕಡೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಮೀನು ಮೊಟ್ಟೆ ಅಡುಗೆಮನೆಗೆ ಬರುವ ಮಾತು ಹಾಗಿರಲಿ, ಮನೆಯೊಳಗೆ ಅವುಗಳ ಹೆಸರೆತ್ತುವ ರೂಢಿಯೂ ಇರಲಿಲ್ಲ.

ಅವಳೆದುರು ಬುಟ್ಟಿ ಇಟ್ಟುಕೊಂಡು ಕೂತಿದ್ದವಳು ಜೋಹರಾ. ನಲವತ್ತರ ಆಸುಪಾಸಿನ ಹೆಂಗಸು. ಕಾರವಾರದ ಕಡೆಯಿಂದ ಐಸು ತುಂಬಿಕೊಂಡು ಬರುವ ಗಾಡಿಯಿಂದ ಕಡಲ ಮೀನು ಇಳಿಸಿಕೊಂಡು ಮಾರುವವಳು. ಎಷ್ಟು ಬೇಕೆಂದು ಕೇಳಿದಳು. ಪ್ರಿಯದರ್ಶಿನಿ ಬುಟ್ಟಿಯಲ್ಲಿದ್ದ ನೀಳ ಮೈಯ ಕಾಣೆ ಮೀನು ಎಲ್ಲ ಬೇಕೆಂದಳು. ಸ್ವಚ್ಛ ಮಾಡಿಕೊಡಲೇ ಎಂದದ್ದಕ್ಕೆ ಗಾಬರಿಯಾಗಿ, ಮುಟ್ಟಬ್ಯಾಡ್ರಿ, ಹಂಗ ಕೊಡ್ರಿ ಎಂದಳು. ಜೋಹರಾ ಒಂದು ಸಲ ಅವಳ ಹಣೆಯ ಮೇಲಿನ ವಿಭೂತಿ ನೋಡಿದಳು, ಇನ್ನೊಂದು ಸಲ ಮೀನು ನೋಡಿದಳು. ಏನೂ ಕೇಳದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಒಂದಿಷ್ಟು ಐಸು ಸುರಿದು ಕೊಟ್ಟಳು.

ಇದು ಎರಡು ಸಾವಿರದ ಆರನೇ ಇಸವಿಯ ಮಾತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಆಗಷ್ಟೇ ಮತ್ತೆ ಕಡಲಿಗಿಳಿದಿದ್ದವು.

ಪ್ರಿಯದರ್ಶಿನಿ ಮೀನಿನ ಸಾಲಿಗೆ ಬಂದದ್ದಕ್ಕೆ ಕಾರಣ ಒಂದು ಜಗಳ. ಜಗಳ ಎಂದರೆ ಕೂಗಾಡಿದ್ದಲ್ಲ. ಕಾರವಾರದ ಅವಳ ಮಾರ್ಗದರ್ಶಕರು ಯಾರ ಮೇಲೂ ದನಿ ಏರಿಸಿದವರಲ್ಲ. ಹಿಂದಿನೆರಡು ವರ್ಷದ ರಜೆಗಳಲ್ಲಿ ಅವಳು ಕಾಳಿ ನದಿ ಕಡಲು ಸೇರುವ ಕಡೆ ಸಣ್ಣ ಕಣ್ಣಿನ ಬಲೆ ಎಳೆಸಿ ಮೀನಿನ ಮರಿಗಳನ್ನು ಹಿಡಿದಿದ್ದಳು. ಅಕ್ಕಿಕಾಳಿನಷ್ಟು, ಹೆಚ್ಚೆಂದರೆ ಜೋಳದ ಕಡ್ಡಿಯ ತುಂಡಿನಷ್ಟು ಉದ್ದದವು. ಮೈ ಗಾಜಿನಂತೆ, ಕಣ್ಣು ಮಾತ್ರ ಕಪ್ಪು ಚುಕ್ಕೆ. ಅಂಥ ಮರಿ ದೊಡ್ಡದಾದಾಗ ಯಾವ ಮೀನಾಗುತ್ತದೆಂದು ಬರಿಗಣ್ಣಿಗೆ ಹೊಳೆಯುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟು, ಮೈಯ ಮೇಲಿನ ಕಪ್ಪು ಚುಕ್ಕೆಗಳು ಹೇಗೆ ಸಾಲುಗಟ್ಟಿವೆ, ಮಾಂಸದ ಪಟ್ಟಿಗಳು ಎಷ್ಟಿವೆ, ಕರುಳು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿ ತೀರ್ಮಾನಿಸಬೇಕು. ಆ ಮರಿಗಳಲ್ಲಿ ಕಾಣೆ ಮೀನಿನವು ಬಹಳ ಇದ್ದವು. ನೋಡುತ್ತ ಹೋದಂತೆ ಅವು ಎರಡು ಬಗೆಯವೆಂದು ಪ್ರಿಯದರ್ಶಿನಿಗೆ ಅನಿಸತೊಡಗಿತು. ಕೆಲವಕ್ಕೆ ಹೊಟ್ಟೆಯ ಕೆಳಗಿನ ಚುಕ್ಕೆಗಳ ಸಾಲು ಬಾಲದವರೆಗೆ ಎಡೆಬಿಡದೆ ಹೋಗಿತ್ತು. ಕೆಲವಕ್ಕೆ ನಡುವೆ ಕಡಿದುಹೋಗಿ ಮುಂದೆ ಮತ್ತೆ ಶುರುವಾಗಿತ್ತು.

ಎರಡೂ ಒಂದೇ ಜಾತಿ ಎಂದರು ಮಾರ್ಗದರ್ಶಕರು. ಮಳೆಗಾಲದಲ್ಲಿ ನದಿಯ ಸಿಹಿನೀರು ಬಂದು ಉಪ್ಪು ಕಡಿಮೆಯಾದಾಗ ಚುಕ್ಕೆ ಹೀಗೆ ಹೆಚ್ಚುಕಡಿಮೆ ಆಗುವುದುಂಟು, ತಾವು ಬೇಕಾದಷ್ಟು ನೋಡಿದ್ದೇವೆ ಎಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲವೆಂದು ಅವಳಿಗೂ ಗೊತ್ತಿತ್ತು. ಹಾಗಾಗಿ ಅವಳು ಆಲ್ಕೋಹಾಲಿನಲ್ಲಿಟ್ಟಿದ್ದ ಮರಿಗಳಲ್ಲಿ ಕೆಲವನ್ನು ಆರಿಸಿ, ಸೂಜಿಯಿಂದ ಒಂದೊಂದರ ಬಲಗಣ್ಣು ಮಾತ್ರ ಬಿಡಿಸಿ, ಆ ಕಣ್ಣುಗಳನ್ನು ಹೈದರಾಬಾದಿಗೆ ಕಳಿಸಿದಳು. ಅಲ್ಲಿ ಅವಳ ಸಹಪಾಠಿ ಶ್ರೀಧರ ಒಂದು ಪ್ರಯೋಗಾಲಯದಲ್ಲಿ ಡಿಎನ್ಎ ಓದುವ ಕೆಲಸದಲ್ಲಿದ್ದ. ಒಂದು ಕಣ್ಣು ಹೋದರೂ ಮರಿಯ ಉಳಿದ ಮೈ ನೋಡಲಿಕ್ಕೆ ಸಿಗುತ್ತದೆ. ಇಡೀ ಮರಿಯನ್ನು ಅರೆದರೆ ಮತ್ತೆ ನೋಡಲು ಏನೂ ಉಳಿಯುವುದಿಲ್ಲ.

ಶ್ರೀಧರನ ಫೋನು ಬಂತು. ಅವಳು ಎರಡು ಬಗೆ ಎಂದು ಬೇರ್ಪಡಿಸಿದ್ದು ಡಿಎನ್ಎಯಲ್ಲೂ ಎರಡಾಗಿಯೇ ಬಿದ್ದಿದೆ, ಒಂದೇ ಜಾತಿಯೊಳಗೆ ಇಷ್ಟು ಅಂತರ ಇರಲಿಕ್ಕೆ ಸಾಧ್ಯವಿಲ್ಲ ಎಂದ. ಮೊದಲನೆಯ ಬಗೆ ಎಲ್ಲರಿಗೂ ಗೊತ್ತಿರುವ ಕಾಣೆಯದು. ಆದರೆ ಎರಡನೆಯದಕ್ಕೆ ಹೊಂದುವಂಥದ್ದು ಇಲ್ಲಿಯವರೆಗೆ ಯಾರೂ ಓದಿಟ್ಟಿಲ್ಲ.

ಅದನ್ನೂ ಅವಳು ಮಾರ್ಗದರ್ಶಕರ ಮುಂದಿಟ್ಟಳು. ಅವರು, ಹೆಸರಿಲ್ಲದ ಡಿಎನ್ಎ ಅಕ್ಷರಗಳ ಸಾಲು ಹಿಡಿದುಕೊಂಡು ಪ್ರಬಂಧ ಬರೆಯಲಿಕ್ಕಾಗದು, ಇದರ ದೊಡ್ಡ ಮೀನು ತಂದು ತೋರಿಸು, ಒಪ್ಪುತ್ತೇನೆ ಎಂದರು. ನ್ಯಾಯವಾದ ಮಾತು. ದೊಡ್ಡ ಕಾಣೆಗಳಲ್ಲಿ ಒಂದಕ್ಕೊಂದು ತೀರ ಹೋಲುವ ಜಾತಿಗಳಿವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಹೊಟ್ಟೆ ಸೀಳಿ ಒಳಗಿನ ಗಾಳಿಚೀಲದ ಆಕಾರ ನೋಡಬೇಕು, ಬೆನ್ನೆಲುಬಿನ ಮಣಿಗಳನ್ನು ಎಣಿಸಬೇಕು. ಆಮೇಲೆ ಅದರ ಡಿಎನ್ಎ ಮರಿಯದಕ್ಕೆ ಕೂಡಬೇಕು. ಪ್ರಿಯದರ್ಶಿನಿ ಕಾರವಾರದಿಂದ ಒಂದು ಸಲ ಮೀನು ತರಿಸಿಕೊಂಡಳು. ಅಲ್ಲಿಯ ಸಹಾಯಕ ರೂಢಿಯಂತೆ ಫಾರ್ಮಲಿನ್ನಿನಲ್ಲಿ ಮುಳುಗಿಸಿ ಕಳಿಸಿದ್ದ. ಎಲುಬಿಗೆ ಅಡ್ಡಿಯಿಲ್ಲ, ಆದರೆ ಫಾರ್ಮಲಿನ್ ಕುಡಿದ ಮೀನಿನಿಂದ ಡಿಎನ್ಎ ಓದುವುದು ಆಗದ ಮಾತು. ಪಾಠ ಬಿಟ್ಟು ಮತ್ತೆ ಕಾರವಾರಕ್ಕೆ ಹೋಗಲು ರಜೆ ಇರಲಿಲ್ಲ. ಆಗ ಅವಳಿಗೆ ಹೊಳೆದದ್ದು, ಐಸಿನ ಮೀನು ವಾರವಾರ ಬಾಗಲಕೋಟೆಗೇ ಬರುತ್ತದೆ ಎಂಬುದು.

ಮೊದಲ ಸಲ ತಂದ ಮೀನುಗಳನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಸೀಳಿದಳು. ರೆಕ್ಕೆಯ ಚೂರು ಕತ್ತರಿಸಿ ಆಲ್ಕೋಹಾಲಿಗೆ ಹಾಕಿದಳು, ಗಾಳಿಚೀಲದ ಚಿತ್ರ ಬರೆದುಕೊಂಡಳು, ಎಲುಬು ಬಿಡಿಸಲೆಂದು ಮೀನನ್ನು ನೀರಿಗೆ ಹಾಕಿ ಬರ್ನರ್ ಮೇಲೆ ಕುದಿಯಲಿಟ್ಟಳು. ಕಾಲೇಜು ಒಂದು ಮಠದ ಸಂಸ್ಥೆಗೆ ಸೇರಿದ್ದು. ಪ್ರಯೋಗಾಲಯದ ಪಕ್ಕದಲ್ಲೇ ಆಫೀಸು. ವಾಸನೆ ಹೋಗಿ ಆಫೀಸಿನಲ್ಲಿ ನಿಂತಿತು. ಜವಾನ ಅಮಸಿದ್ದಪ್ಪ ಮೂಗಿಗೆ ಟವೆಲ್ಲು ಹಿಡಿದುಕೊಂಡು ಬಂದು, ಸಾಹೇಬರು ಕರೀತಾರ್‍ರಿ ಎಂದ.

ಪ್ರಾಂಶುಪಾಲರು ಸಿಟ್ಟಾಗಲಿಲ್ಲ. ಆಡಳಿತ ಮಂಡಳಿಯ ಹಿರಿಯರೊಬ್ಬರು ಅದೇ ಹೊತ್ತಿಗೆ ಬಂದು ಹೋದರೆಂದಷ್ಟೇ ಹೇಳಿದರು.

“ನೀವು ಕೊಯ್ರಿ, ನೋಡ್ರಿ, ಬರೀರಿ. ಬ್ಯಾಡನ್ನೂದಿಲ್ಲ,” ಎಂದರು. “ಕುದಸೂದೊಂದು ಬ್ಯಾಡ.”

ಎಕ್ಸ್‌ರೇ ತೆಗೆದರೆ ಕುದಿಸುವ ಕೆಲಸವೇ ಇರುತ್ತಿರಲಿಲ್ಲ. ಪರಿಚಯದ ವೈದ್ಯರೊಬ್ಬರನ್ನು ಕೇಳಿದಳು. ರೋಗಿಗಳು ಮಲಗುವ ಮೇಜಿನ ಮೇಲೆ ಮೀನು ಮಲಗಿಸಿದರೆ ನಾಳೆಯಿಂದ ಯಾರೂ ಬರುವುದಿಲ್ಲ ಎಂದು ಅವರು ನಕ್ಕುಬಿಟ್ಟರು. ಮನೆಯಲ್ಲಿ ಕುದಿಸುವ ಪ್ರಶ್ನೆಯೇ ಇರಲಿಲ್ಲ. ನವನಗರದ ಬಾಡಿಗೆ ಮನೆ. ಮಾಲಕರು ಮಹಡಿಯ ಮೇಲೇ ಇದ್ದರು.

ಮರುವಾರ ಮೀನು ಕೊಳ್ಳುವಾಗ ಈ ಸಂಗತಿ ಮಾತಿನಲ್ಲಿ ಬಂತು. ಜೋಹರಾ ಪೂರ್ತಿ ಕೇಳಿಸಿಕೊಂಡು, “ನಮ್ಮ ಒಲಿ ಏನ್ ಉಪವಾಸ ಐತೇನ್ರಿ ಬಾಯಾರ?” ಎಂದಳು.

ಹೀಗೆ ಪ್ರಿಯದರ್ಶಿನಿ ರವಿವಾರ ಬೆಳಿಗ್ಗೆ ಜೋಹರಾಳ ಮನೆಗೆ ಹೋಗತೊಡಗಿದಳು. ಹಳೇ ಊರಿನ ಅರ್ಧ ಭಾಗ ಅಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು. ಜೋಹರಾಳ ಓಣಿ ಉಳಿದ ಅರ್ಧದ ಕೊನೆಯಲ್ಲಿತ್ತು, ಹಿತ್ತಲಿನ ಗೋಡೆಯಾಚೆ ನೀರು. ಗಂಡ ಟಂಟಂ ಗಾಡಿ ಹೊಡೆಯುವವನು, ಬೆಳಿಗ್ಗೆಯೇ ಹೊರಟುಬಿಡುತ್ತಿದ್ದ. ಹಿತ್ತಲಿನ ಒಲೆಯ ಮೇಲೆ ನೀರು ಕುದಿಯುವಾಗ ಪ್ರಿಯದರ್ಶಿನಿ ಪ್ರತಿ ಮೀನಿಗೂ ನಂಬರಿನ ಚೀಟಿ ಕಟ್ಟಿ ಬೇರೆಬೇರೆಯಾಗಿ ಅದ್ದುವಳು. ಉಪ್ಪು ಖಾರ ಹಾಕುವಂತಿಲ್ಲ, ಹೆಚ್ಚು ಬೇಯಿಸುವಂತಿಲ್ಲ. ಮಣಿಗಳು ಬಿಟ್ಟುಹೋದರೆ ಎಣಿಕೆ ಕೆಟ್ಟಿತು. ಆಮೇಲೆ ಮಣೆಯ ಮೇಲೆ ಕೂತು ಚಿಮಟಿಗೆಯಿಂದ ಮಾಂಸ ಬಿಡಿಸುವಳು. ಬಿಡಿಸಿದ ಮಾಂಸವನ್ನು ಜೋಹರಾ ಬೋಗುಣಿಯಲ್ಲಿ ಕೂಡಿಸಿಕೊಂಡು ಉಳ್ಳಾಗಡ್ಡಿ ಖಾರ ಹಾಕಿ ಹುರಿದು ಮಧ್ಯಾಹ್ನದ ಊಟಕ್ಕೆ ಮಾಡುವಳು. ಸಪ್ಪಗೆ ಬೆಂದ ಮೀನನ್ನು ಎಷ್ಟು ಹುರಿದರೂ ರುಚಿ ಬರುವುದಿಲ್ಲವೆಂಬುದು ಅವಳ ದೂರು. ಎರಡು ಜಾತಿ ಎಂಬ ಮಾತನ್ನಂತೂ ಅವಳು ನಂಬಲೇ ಇಲ್ಲ. ಬಾಯಿಗೆ ಹಾಕಿಕೊಂಡರೆ ಎರಡೂ ಒಂದೇ ಎನ್ನುತ್ತಿದ್ದಳು. ಪ್ರಿಯದರ್ಶಿನಿ ಅಲ್ಲಿ ಏನೂ ತಿನ್ನುತ್ತಿರಲಿಲ್ಲ. ಮೊದಲೆರಡು ವಾರ ನೀರೂ ಬೇಡವೆಂದಳು. ಆಮೇಲೆ ಜೋಹರಾ ಚಹಾ ಮಾಡಿ ಮುಂದಿಟ್ಟಾಗ ಬೇಡವೆನ್ನಲು ನಾಚಿಕೆಯಾಗಿ ಕುಡಿದಳು.

ವಾರಗಳು ಕಳೆದವು. ಸೀಳಿದ ಮೀನೆಲ್ಲ ಮೊದಲ ಬಗೆಯದೇ. ಗಾಳಿಚೀಲ ಅದೇ, ಮಣಿಗಳ ಲೆಕ್ಕ ಅದೇ.

ಸುದ್ದಿ ಬಾದಾಮಿಗೆ ಮುಟ್ಟಿಸಿದವಳು ಇಂದ್ರವ್ವ, ಪ್ರಿಯದರ್ಶಿನಿಯ ಗಂಡ ಮುತ್ತುರಾಜನ ಸೋದರತ್ತೆ. ಬಳೆ ಇಡಿಸಿಕೊಳ್ಳಲೆಂದು ಹಳೇ ಊರಿಗೆ ಬಂದವಳು, ಸೊಸೆ ಮೀನಿನ ಚೀಲ ಹಿಡಿದು ಜೋಹರಾಳ ಬಾಗಿಲು ದಾಟಿದ್ದನ್ನು ಕಣ್ಣಾರೆ ಕಂಡಳು. ಮುಂದಿನ ಅಮಾವಾಸ್ಯೆಗೆ ಶಿವಯೋಗ ಮಂದಿರದಲ್ಲಿ ಪ್ರಿಯದರ್ಶಿನಿಯ ಅತ್ತೆ ಶಿವಬಸವ್ವ ಸಿಕ್ಕಾಗ, ಪ್ರಸಾದಕ್ಕೆ ಕೂತ ಪಂಕ್ತಿಯಲ್ಲೇ ಕಿವಿಯಲ್ಲಿ ಹೇಳಿದಳು. ಕಂಡದ್ದು ಬಾಗಿಲು ದಾಟಿದ್ದಷ್ಟೇ; ಹೇಳುವಾಗ ಅದು ಒಳಗೆ ಕೂತು ಉಂಡದ್ದಾಗಿತ್ತು.

ಶಿವಬಸವ್ವ ಬಾದಾಮಿಯಲ್ಲಿ ಹಿರಿಯ ಮಗನ ಸಂಸಾರದೊಂದಿಗೆ ಇದ್ದವಳು. ದಿನಕ್ಕೆರಡು ಹೊತ್ತು ಲಿಂಗಪೂಜೆ ತಪ್ಪಿಸದವಳು. ಕಿರಿಯ ಸೊಸೆ ಏನು ಓದುತ್ತಾಳೆಂದು ಕೇಳಿದವರಿಗೆ ನೀರಿನ ಹುಳದ್ದು ಏನೋ ಓದುತ್ತಾಳೆ ಎನ್ನುತ್ತಿದ್ದಳು. ಹಾಗೆಂದು ಅವಳಿಗೆ ತಿಳಿಸಿದ್ದವನು ಮುತ್ತುರಾಜನೇ. ಅಂದು ಸಂಜೆ ಮಗನಿಗೆ ಫೋನು ಮಾಡಿದಳು. ಅವನು, ಕಾಲೇಜಿನ ಕೆಲಸವಿರಬೇಕು, ಇಂದ್ರವ್ವ ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ನೀ ತಲೆ ಕೆಡಿಸಿಕೊಳ್ಳಬೇಡ ಎಂದು ಮಾತು ಮುಗಿಸಿದ.

ಮುತ್ತುರಾಜ ನೀರಾವರಿ ಇಲಾಖೆಯ ನೌಕರ. ಹೆಂಡತಿ ಮೀನು ಕೊಳ್ಳುವುದು ಅವನಿಗೆ ಗೊತ್ತಿತ್ತು. ಜೋಹರಾಳ ಹಿತ್ತಲಲ್ಲಿ ಕೂರುವುದೂ ಗೊತ್ತಿತ್ತು. ಕೆಟ್ಟದ್ದೆಂದು ಅವನಿಗೆ ಅನಿಸಿರಲಿಲ್ಲ, ಯಾರೂ ಕೇಳದಿದ್ದರೆ ಸಾಕಿತ್ತು. ಈಗ ಕೇಳಿದ್ದರಿಂದ ತಳಮಳಿಸಿದ. ಹೆಂಡತಿಗೆ ಒಂದೇ ಮಾತು ಹೇಳಿದ.

“ಇಲ್ಲ ಅಂದ್ಬಿಡು. ಮುಗೀತು.”

ಇಲ್ಲ ಎಂದರೆ ಏನು ಇಲ್ಲ ಎಂದಂತಾಯಿತು ಎಂದು ಪ್ರಿಯದರ್ಶಿನಿ ಕೇಳಿದಳು. ತಿಂದದ್ದು ಇಲ್ಲ, ಸರಿ. ಹೋದದ್ದು ಇದೆ, ಕೂತದ್ದು ಇದೆ, ಮೀನಿನ ಹಬೆ ಸೀರೆಗೆ ಹತ್ತಿಸಿಕೊಂಡು ಬಂದದ್ದು ಇದೆ. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ದಣಿವಾಯಿತು. ಎರಡು ವರ್ಷದಿಂದ ಅವಳು ಮಾಡುತ್ತಿದ್ದುದು ಕಂಡದ್ದನ್ನು ಕಂಡಂತೆ ಬರೆಯುವ ಕೆಲಸ. ಅದೊಂದು ಅಭ್ಯಾಸವೇ ಆಗಿಹೋಗಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿ, ಒಬ್ಬಳೇ ಕೆರೂರ ಮೇಲೆ ಹೋಗುವ ಬಸ್ಸು ಹತ್ತಿ ಬಾದಾಮಿಗೆ ಹೋದಳು. ಶಿವಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಪ್ರಿಯದರ್ಶಿನಿ ಎದುರಿಗೆ ಕೂತು ಮೊದಲಿನಿಂದ ಹೇಳಿದಳು: ತಾನು ಓದುವುದು ಹುಳವಲ್ಲ, ಮೀನು; ಮರಿ ಎರಡು ಬಗೆ ಎಂದು ಅನಿಸಿದ್ದು, ದೊಡ್ಡ ಮೀನು ಹುಡುಕಬೇಕಾದದ್ದು, ಕಾಲೇಜಿನಲ್ಲಿ ಬೇಡವೆಂದದ್ದು, ಜೋಹರಾ ಒಲೆ ಕೊಟ್ಟದ್ದು. ಮೀನು ಮುಟ್ಟುತ್ತೇನೆ, ತಿಂದಿಲ್ಲ ಎಂದಳು. ಸ್ವಲ್ಪ ತಡೆದು, “ಅವರ ಮನ್ಯಾಗ ಚಾ ಕುಡದೇನ್ರಿ ಅತ್ತಿ,” ಎಂದೂ ಹೇಳಿದಳು.

ಶಿವಬಸವ್ವನ ಕೈ ನಿಲ್ಲಲಿಲ್ಲ. ಹಿಟ್ಟು ನಾದುವ ಕೊಣಮಿಗೆ ಬರಿದಾಗುವವರೆಗೆ ರೊಟ್ಟಿ ಬಡಿದಳು. ಆಮೇಲೆ ಎದ್ದು ಸೊಸೆಗೆ ಊಟಕ್ಕೆ ಹಾಕಿದಳು. ದಿನದ ತಟ್ಟೆಯಲ್ಲಿ ಅಲ್ಲ. ಹೊಲದ ಕೆಲಸಕ್ಕೆ ಬಂದವರಿಗೆಂದು ಗೂಡಿನಲ್ಲಿ ಬೇರೆ ಇಟ್ಟಿದ್ದ ತಟ್ಟೆಯಲ್ಲಿ. ಪ್ರಿಯದರ್ಶಿನಿ ಅದನ್ನು ಗಮನಿಸಿದಳು. ಗಮನಿಸಿದ್ದು ಅತ್ತೆಗೂ ಗೊತ್ತಾಯಿತು. ಪ್ರಿಯದರ್ಶಿನಿ ಎರಡು ರೊಟ್ಟಿ ಪೂರ್ತಿ ಉಂಡು, ತಟ್ಟೆ ತೊಳೆದು ಅದೇ ಗೂಡಿನಲ್ಲಿಟ್ಟು, ಸಂಜೆಯ ಬಸ್ಸಿಗೆ ವಾಪಸಾದಳು. ಬಸ್ಸಿನಲ್ಲಿ ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ನಿದ್ದೆ ಬಂತು.

ರವಿವಾರದ ಕೆಲಸ ನಿಲ್ಲಿಸಲಿಲ್ಲ. ಮುತ್ತುರಾಜ ಅವಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ಸುಮ್ಮನೆ ಮುಗಿಯುವುದನ್ನು ಇವಳೇ ಎಳೆದು ದೊಡ್ಡದು ಮಾಡಿದಳೆಂದು ಅವನ ಭಾವನೆ.

ದಸರೆಯ ನಂತರದ ಒಂದು ರವಿವಾರ, ಮುಂಚಿತವಾಗಿ ಹೇಳದೆ ಕೇಳದೆ, ಶಿವಬಸವ್ವ ನವನಗರದ ಮನೆಗೆ ಬಂದಿಳಿದಳು. ಸೊಸೆ ಎಲ್ಲಿ ಎಂದು ಮಗನನ್ನು ಕೇಳಿದಳು. ಅವನು ತಡವರಿಸಿದ. ಅಲ್ಲಿಗೇ ಕರೆದುಕೊಂಡು ನಡೆ ಎಂದಳು. ಅವನು ಆಟೋ ಹಿಡಿದು ತಾಯಿಯನ್ನು ಹಳೇ ಊರಿಗೆ ಕರೆತಂದ. ಓಣಿಯ ತುದಿಯಲ್ಲೇ ನಿಂತು, ನಾ ಬರೂದಿಲ್ಲ ಎಂದ. ಅವಳು ಒಬ್ಬಳೇ ನಡೆದು ಬಂದು ಜೋಹರಾಳ ಮನೆಯ ಹೊರಗಿನ ಕಟ್ಟೆಯ ಮೇಲೆ, ಸೆರಗಿನಿಂದ ಧೂಳು ಝಾಡಿಸಿ, ಕೂತಳು.

ಜೋಹರಾ ಹೊರಗೆ ಬಂದವಳು ಹಣೆಯ ವಿಭೂತಿ, ಕೊರಳಿನ ಲಿಂಗ ನೋಡಿ ಯಾರೆಂದು ಊಹಿಸಿದಳು. ಒಳಗೆ ಕರೆಯಲಿಲ್ಲ, ಕರೆದರೆ ಎದುರಿನವರಿಗೆ ಸಂಕಟವಾಗುತ್ತದೆಂಬುದು ಅವಳಿಗೆ ಗೊತ್ತಿತ್ತು. ತಾನೂ ಹೊಸ್ತಿಲಲ್ಲೇ ಕೂತಳು. ಬಾಗಿಲಿನಿಂದ ನೇರವಾಗಿ ಹಿತ್ತಲು ಕಾಣುತ್ತಿತ್ತು. ಅಲ್ಲಿ ಪ್ರಿಯದರ್ಶಿನಿ ಬೆನ್ನು ಹಾಕಿ ಮಣೆಯ ಮೇಲೆ ಕೂತಿದ್ದಳು. ಅತ್ತೆ ಬಂದದ್ದು ಅವಳಿಗೆ ತಿಳಿಯಲಿಲ್ಲ.

“ನಮ್ಮ ಸೊಸಿ ಇಲ್ಲಿ ಏನ್ ಮಾಡ್ತಾಳವಾ?” ಎಂದು ಶಿವಬಸವ್ವ ಕೇಳಿದಳು.

“ಎಲುಬು ಎಣಸ್ತಾರ್‍ರಿ ಅವ್ವಾರ. ಎಣಸಿದ್ದನ್ನ ಮತ್ತ ಎಣಸ್ತಾರ.”

“ಮತ್ತ?”

“ಮತ್ತೇನಿಲ್ರಿ. ಚಾ ಕೊಟ್ರ ಕುಡೀತಾರ. ಅದೂ ಒಂದೊಂದ್ ಸಲ ಆರಿ ಹೋಗತೈತಿ.”

ಶಿವಬಸವ್ವ ಹಿತ್ತಲಿನ ಕಡೆ ನೋಡುತ್ತ ಬಹಳ ಹೊತ್ತು ಕೂತಳು. ಸೊಸೆ ಚಿಮಟಿಗೆಯಿಂದ ಮೀನಿನ ಬೆನ್ನಿನ ಒಂದು ಕಡೆಯ ಮಾಂಸ ಎತ್ತಿ ಬೋಗುಣಿಗೆ ಹಾಕಿದಳು, ಬ್ರಶ್ಶಿನಿಂದ ಎಲುಬು ತೊಳೆದಳು, ಬೆಳಕಿಗೆ ಹಿಡಿದಳು, ತುಟಿ ಅಲುಗಿಸುತ್ತ ಎಣಿಸಿದಳು. ಬರೆದುಕೊಂಡು ಮತ್ತೊಂದನ್ನು ಎತ್ತಿಕೊಂಡಳು. ಮೀನಿನ ವಾಸನೆ ಹೊರಗಿನ ಕಟ್ಟೆಯವರೆಗೂ ಬರುತ್ತಿತ್ತು. ಶಿವಬಸವ್ವ ಒಂದು ಸಲ ಸೆರಗು ಮೂಗಿಗೆ ಹಿಡಿದು, ಮತ್ತೆ ಬಿಟ್ಟಳು.

ಕೈ ತೊಳೆಯಲೆಂದು ಎದ್ದ ಪ್ರಿಯದರ್ಶಿನಿ ತಿರುಗಿದಾಗ ಅತ್ತೆಯನ್ನು ಕಂಡಳು. ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದು ಹೊರಗೆ ಬಂದು ನಿಂತಳು. ಅವಳಿಗೆ ಭಯವಾಗಿತ್ತು, ಆದರೆ ಹೊಸದಾಗಿ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಮುಗೀತೇನು ಎಂದು ಶಿವಬಸವ್ವ ಕೇಳಿದಳು. ಇನ್ನೂ ಮೂರು ಮೀನು ಇವೆ ಎಂದಳು. ಮುಗಿಸಿ ಬಾ, ಕೂತಿರುತ್ತೇನೆ ಎಂದಳು ಶಿವಬಸವ್ವ. ಆ ಮೂರೂ ಮೊದಲ ಬಗೆಯವೇ ಆದವು.

ಓಣಿಯ ತುದಿಯಲ್ಲಿ ಮುತ್ತುರಾಜ ಕಾಯುತ್ತಿದ್ದ. ತಾಯಿಯ ಮುಖ ನೋಡಿ, ಇಂದ್ರವ್ವ ಅತ್ತೆ ಹೇಳಿದ್ದೆಲ್ಲ ಸುಳ್ಳೆಂದು ಮೊದಲೇ ಹೇಳಿದ್ದೆನಲ್ಲ ಎಂದು ಶುರು ಮಾಡಿದ. ಶಿವಬಸವ್ವ ಅವನನ್ನು ಅಲ್ಲಿಗೇ ತಡೆದಳು.

“ಅಕಿ ಬಂದು ಚಾ ಕುಡದದ್ದ ಸೈತ ಹೇಳಿದ್ಲು. ನನಗ ಅದು ಸೇರಲಿಲ್ಲ, ಖರೆ. ಆದ್ರ ಹೇಳಿದ್ಲು. ನೀ ಹೊಟ್ಟ್ಯಾಗಿನ ಮಗ, ನನಗ ಹುಳ ಅಂದಿ.”

ಮುತ್ತುರಾಜ ಹೋಗಿ ಆಟೋ ಹಿಡಿದು ತಂದ. ಮನೆ ಮುಟ್ಟಿದ ಮೇಲೆ ಶಿವಬಸವ್ವ ಸೊಸೆಗೆ ಮೊದಲು ತಲೆಯ ಮೇಲೆ ನೀರು ಹಾಕಿಕೊಂಡು ಬಾ ಎಂದಳು, ಆಮೇಲೆ ಅಡುಗೆಮನೆಗೆ ಬಿಟ್ಟುಕೊಂಡಳು. ಅಲ್ಲಿಂದ ಮುಂದೆ ಪ್ರತಿ ರವಿವಾರಕ್ಕೂ ಅದೇ ಕಟ್ಟಳೆಯಾಯಿತು. ಅದು ಪ್ರಿಯದರ್ಶಿನಿಗೆ ಹೆಚ್ಚೆನಿಸಲಿಲ್ಲ. ಮೀನಿನ ವಾಸನೆಗೆ ಅವಳು ಹೇಗೂ ಸ್ನಾನ ಮಾಡಲೇಬೇಕಿತ್ತು. ಬಾದಾಮಿಯಲ್ಲಿ ಬೇರೆ ತಟ್ಟೆ ಬಹಳ ದಿನ ಹಾಗೇ ನಡೆಯಿತು. ಅದು ಯಾವಾಗ ಉಳಿದ ತಟ್ಟೆಗಳೊಳಗೆ ಬೆರೆತುಹೋಯಿತೆಂದು ಆಮೇಲೆ ಯಾರಿಗೂ ಸರಿಯಾಗಿ ನೆನಪಿರಲಿಲ್ಲ.

ಎರಡನೆಯ ಬಗೆ ಸಿಕ್ಕಿದ್ದು ಚಳಿಗಾಲದಲ್ಲಿ. ಆ ವಾರ ಕಾರವಾರದ ಗಾಡಿ ಬಾರದೆ, ಜೋಹರಾ ಬೇರೆ ಬಂದರಿನಿಂದ ಬಂದ ಪೆಟ್ಟಿಗೆ ಇಳಿಸಿಕೊಂಡಿದ್ದಳು. ಮೀನು ಸಣ್ಣವಿದ್ದವೆಂದು ಗೊಣಗುತ್ತಲೇ ಕೊಟ್ಟಳು. ಸೀಳಿದಾಗ ಒಂದರ ಗಾಳಿಚೀಲ ಬೇರೆಯಿತ್ತು. ಹಿಂದುಗಡೆಯ ತುದಿ ಎರಡಾಗಿ ಕವಲೊಡೆಯುವ ಬದಲು ಒಂದೇ ಆಗಿ ಚೂಪಾಗಿ ಮುಗಿದಿತ್ತು. ಎಲುಬಿನ ಮಣಿಯೂ ಒಂದು ಹೆಚ್ಚು. ಪ್ರಿಯದರ್ಶಿನಿ ನಾಲ್ಕು ಸಲ ಎಣಿಸಿದಳು. ಜೋಹರಾಳನ್ನು ಕರೆದು ತೋರಿಸಿದಳು. ಜೋಹರಾ ಬಗ್ಗಿ ನೋಡಿ, ನೀವು ಹೌದಂದ್ರ ಹೌದ್ರಿ, ನನಗೇನೂ ಕಾಣವಲ್ಲದು ಎಂದು ಎದ್ದು ಹೋದಳು.

ರೆಕ್ಕೆಯ ಚೂರು ಹೈದರಾಬಾದಿಗೆ ಹೋಯಿತು. ಉತ್ತರಕ್ಕೆ ಕಾಯುವಾಗ ಅವಳು ಎರಡನೆಯ ಬಗೆಯ ದೊಡ್ಡ ಮರಿಗಳನ್ನು ತೆಗೆದು, ಮಾಂಸ ತಿಳಿಯಾಗುವಂತೆ ಮಾಡಿ, ಎಲುಬು ಮಾತ್ರ ಕೆಂಪಾಗುವ ಬಣ್ಣದಲ್ಲಿ ನೆನೆಯಿಟ್ಟಳು. ಗಾಜಿನಂಥ ಮೈಯೊಳಗೆ ಕೂದಲೆಳೆಯಂಥ ಕೆಂಪು ಬೆನ್ನೆಲುಬು ಮೂಡಿತು. ಅದರಲ್ಲೂ ಮಣಿ ಒಂದು ಹೆಚ್ಚು. ಶ್ರೀಧರ ಫೋನು ಮಾಡಿ, ಮೀನಿನದೂ ಮರಿಯದೂ ಕೂಡಿತು ಎಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. ಸರಿ ಎಂದಳು. ಫೋನು ಇಟ್ಟ ಮೇಲೆ ಆ ಮೀನಿನ ಚೀಟಿಯ ನಂಬರನ್ನು ಮತ್ತೊಮ್ಮೆ ತಾಳೆ ನೋಡಿದಳು.

ಮಾರ್ಗದರ್ಶಕರು ಎಲುಬು, ಗಾಳಿಚೀಲದ ಚಿತ್ರ, ಡಿಎನ್ಎಯ ಸಾಲು ಎಲ್ಲವನ್ನೂ ಒಂದು ಇಡೀ ದಿನ ನೋಡಿದರು. ಚುಕ್ಕೆಯ ವಿಚಾರದಲ್ಲಿ ಉಪ್ಪಿನ ಮಾತು ಪೂರ್ತಿ ಬಿಡಬೇಡ, ಅದೂ ಒಂದು ಸಾಲು ಇರಲಿ ಎಂದರು. ಅವಳು ಇಟ್ಟಳು. ಹೊಟ್ಟೆಯ ಚುಕ್ಕೆ ಒಂದರಿಂದಲೇ ಬೇರ್ಪಡಿಸಿದರೆ ಮಳೆಗಾಲದ ಕೆಲವು ಮರಿಗಳು ನಿಜವಾಗಿಯೂ ತಪ್ಪು ಕಡೆ ಬೀಳುತ್ತವೆಂದು ಡಿಎನ್ಎ ತೋರಿಸಿತ್ತು; ಆ ಮಟ್ಟಿಗೆ ಅವರು ಹೇಳಿದ್ದೂ ಸರಿಯಿತ್ತು.

ಮರುವರ್ಷ ಡಿಗ್ರಿ ಸಿಕ್ಕಿತು. ಸುದ್ದಿ ಹೇಳಲು ಗಂಡಹೆಂಡಿರು ಬಾದಾಮಿಗೆ ಹೋದರು. ಮುತ್ತುರಾಜನೇ ತಾಯಿಗೆ ಹೇಳಿದ, ಈ ಸಲ ಮೀನು ಎಂದೇ ಹೇಳಿದ. ಮಧ್ಯಾಹ್ನ ಶಿವಬಸವ್ವ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ಸೊಸೆ ಬಂದು ಪಕ್ಕದಲ್ಲಿ ಕೂತು ಮೊರಕ್ಕೆ ಕೈ ಹಾಕಿದಳು. ಕಡೆಗೆ ಏನಾಯಿತು ಎಂದು ಶಿವಬಸವ್ವ ಕೇಳಿದಳು. ಮರಿ ಎರಡು ಜಾತಿಯವೇ ಎಂದು ಗೊತ್ತಾಯಿತು ಎಂದಳು ಪ್ರಿಯದರ್ಶಿನಿ.

“ಎರಡಂತ ನೀ ಮೊದ್ಲ ಹೇಳಿದ್ದಿಯಲಾ. ಗೊತ್ತಿತ್ತಂದ್ರ ಇಷ್ಟೆಲ್ಲಾ ಯಾಕ ಮಾಡಿದಿ?”

“ಗೊತ್ತಿರ್ಲಿಲ್ರಿ ಅತ್ತಿ. ಅನಿಸಿತ್ತು.”

ಶಿವಬಸವ್ವ ಒಂದು ಹಿಡಿ ಕಡಲೆ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೊರವನ್ನು ಸೊಸೆಯ ಕಡೆ ಸರಿಸಿ, ಹರಳು ಸಣ್ಣವು ಅದಾವ, ನನಗ ಕಾಣವಲ್ಲವು, ನೀ ಆರಸು ಎಂದು ಹೇಳಿ ಒಳಗೆ ಹೋದಳು.